ಹಸುವಿನ ಬೆದೆ ತಿಳಿಸುವ ಕೊರಳಪಟ್ಟಿ ಮಾಡಬೇಕೆಂದಿದ್ದೇವೆ. ಮೊದಲು ಯಾರನ್ನು, ಏನು ಕೇಳಬೇಕು?

ನಾವು ಇಬ್ಬರು ಗೆಳೆಯರು, ಚನ್ನರಾಯಪಟ್ಟಣದ ಕಡೆಯವರು. ಅವನು ಎಲೆಕ್ಟ್ರಾನಿಕ್ಸ್ ಓದಿದ್ದಾನೆ, ನಾನು ಕಂಪ್ಯೂಟರ್ ಸೈನ್ಸ್. ಎರಡು ಮೂರು ಹಸು ಸಾಕುವ ಮನೆಗಳಿಗಾಗಿ ಕೊರಳಿಗೆ ಕಟ್ಟುವ ಪಟ್ಟಿಯೊಂದನ್ನು ಮಾಡಬೇಕೆಂದಿದ್ದೇವೆ. ಹಸು ಬೆದೆಗೆ ಬಂದರೆ, ಅಂದರೆ ಗಬ್ಬ ಕಟ್ಟಿಸುವ ಹೊತ್ತು ಬಂದರೆ, ಮನೆಯವರ ಮೊಬೈಲಿಗೆ ಮೆಸೇಜ್ ಹೋಗಬೇಕು. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು, ಅಷ್ಟೂ ದಿನದ ಹಿಂಡಿ ಬೂಸಾ ಖರ್ಚು ಮೈಮೇಲೆ. ಇದನ್ನು ನಮ್ಮ ಮನೆಯಲ್ಲೇ ಕಂಡಿದ್ದೇವೆ.

ವಾಟ್ಸಾಪಿನಲ್ಲಿ ಒಂದು ಫಾರಂ ಕಳಿಸಿದೆವು. 40 ಜನ ತುಂಬಿದರು. ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರೂ "ಬೇಕು, ಬಳಸುತ್ತೇವೆ" ಎಂದೇ ಬರೆದಿದ್ದಾರೆ. ಆಮೇಲೆ ಅವರಲ್ಲೇ ಐದು ಜನಕ್ಕೆ ಫೋನ್ ಮಾಡಿ, 500 ರೂಪಾಯಿ ಮುಂಗಡ ಕೊಟ್ಟು ಹೆಸರು ಬರೆಸುತ್ತೀರಾ ಎಂದು ಕೇಳಿದೆವು. ಒಬ್ಬರೂ ಒಪ್ಪಲಿಲ್ಲ. ಪಟ್ಟಿಯ ಸರ್ಕ್ಯೂಟ್ ಬೋರ್ಡ್ ಮಾಡಿಸಲು ದುಡ್ಡು ಸುರಿಯುವ ಮೊದಲು ಜನರಿಗೆ ನಿಜಕ್ಕೂ ಏನು ಬೇಕು ಎಂದು ತಿಳಿಯಬೇಕಾಗಿದೆ. ಯಾರ ಹತ್ತಿರ ಹೋಗಬೇಕು, ಹೇಗೆ ಕೇಳಬೇಕು, ಎಷ್ಟು ಮನೆ ಸುತ್ತಬೇಕು? ಇಂಥ ಕೆಲಸ ಮಾಡಿದವರಾಗಲಿ, ಹಸು ಸಾಕುವವರಾಗಲಿ, ನಿಮ್ಮ ಅನುಭವ ತಿಳಿಸಿ.

ಬೆಂಗಳೂರಿನಿಂದ, ಬಳಕೆದಾರರ ಅಧ್ಯಯನದ ಕೆಲಸದಲ್ಲಿರುವವರು

ಮೊದಲು ಆ ಫಾರಂ ಪಕ್ಕಕ್ಕಿಡಿ. "ಇಂಥದ್ದೊಂದು ಬಂದರೆ ಬಳಸ್ತೀರಾ" ಎಂಬ ಪ್ರಶ್ನೆಗೆ ನಮ್ಮ ಜನ ಇಲ್ಲ ಅನ್ನುವುದು ಅಪರೂಪ. ಓದಿದ ಹುಡುಗರು ಏನೋ ಮಾಡಲು ಹೊರಟಿದ್ದಾರೆ, ಬೇಡ ಅಂದು ಮನಸ್ಸು ಯಾಕೆ ಮುರಿಯಬೇಕು ಎಂದುಕೊಳ್ಳುತ್ತಾರೆ. ಮನೆಗೆ ಬಂದವರಿಗೆ ಕಾಫಿ ಕೊಟ್ಟ ಹಾಗೆ ಒಂದು "ಹೂಂ" ಕೊಡುತ್ತಾರೆ. ನಿಮಗೆ ಸಿಕ್ಕಿದ್ದು ಹೆಚ್ಚುಕಮ್ಮಿ ಅಂಥ 40 ಹೂಂ. ಆದರೆ 500 ರೂಪಾಯಿ ಕೇಳಿದಿರಲ್ಲ, ಅದು ಒಳ್ಳೆಯ ಕೆಲಸ. ಎಷ್ಟೋ ತಂಡಗಳು ಆ ಪ್ರಶ್ನೆಯನ್ನು ಸಾಮಾನು ತಯಾರಾದ ಮೇಲೆ ಕೇಳುತ್ತವೆ.

ಮುಂದೆ ಏನಾಗಬಹುದು ಎಂದು ಯಾರನ್ನೂ ಕೇಳಬೇಡಿ, ಹಿಂದೆ ನಡೆದದ್ದನ್ನು ಕೇಳಿ. "ಕಳೆದ ಸಲ ಹಸು ಬೆದೆಗೆ ಬಂದದ್ದು ಯಾವಾಗ? ಮೊದಲು ಕಂಡವರು ಯಾರು? ಆಗ ನೀವೇನು ಮಾಡ್ತಿದ್ರಿ? ಆಮೇಲೆ ಯಾರಿಗೆ ಹೇಳಿದ್ರಿ? ಅವರು ಬಂದದ್ದು ಎಷ್ಟು ಹೊತ್ತಿಗೆ?" ಹೀಗೆ ಒಂದೇ ಒಂದು ಸಲ ನಡೆದದ್ದನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಎಳೆ ಎಳೆಯಾಗಿ ಕೇಳಬೇಕು. ಜನ "ಸಾಮಾನ್ಯವಾಗಿ ಹೀಗೆ ಮಾಡ್ತೀವಿ" ಎಂದು ಶುರು ಮಾಡುತ್ತಾರೆ. ಆ ಸಾಮಾನ್ಯದಲ್ಲಿ ಎಲ್ಲ ನೆಟ್ಟಗೇ ಇರುತ್ತದೆ. ಕಳೆದ ಸೋಮವಾರ ಏನಾಯಿತು ಎಂದು ಕೇಳಿದರೆ ಮಾತ್ರ ಫೋನು ಹತ್ತದ್ದು, ಡಾಕ್ಟರು ಬೇರೆ ಊರಿನಲ್ಲಿದ್ದದ್ದು, ಮಗನನ್ನು ಬೈಕಿನಲ್ಲಿ ಕಳಿಸಿದ್ದು ಹೊರಗೆ ಬರುತ್ತದೆ. ಪಟ್ಟಿಯ ವಿಷಯವನ್ನು ಕೊನೆಯವರೆಗೂ ಎತ್ತಬೇಡಿ. ಎತ್ತಿದ ಕ್ಷಣದಿಂದ ಮಾತೆಲ್ಲ ಪಟ್ಟಿಯ ಸುತ್ತಲೇ ತಿರುಗುತ್ತದೆ.

ಎಷ್ಟು ಮನೆ ಎಂದು ಕೇಳಿದ್ದೀರಿ. ಐದು ಜನ ಸಾಕು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಐದರ ಮಾತು ಬಳಕೆ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದು. ತಯಾರಾದ ವಿನ್ಯಾಸವನ್ನು ಕೈಗೆ ಕೊಟ್ಟು ಎಲ್ಲಿ ತೊಡಕಾಗುತ್ತದೆ ಎಂದು ಪರೀಕ್ಷಿಸುವುದಕ್ಕೆ ಸಂಬಂಧಿಸಿದ ಲೆಕ್ಕ ಅದು. ಅಗತ್ಯ ಹುಡುಕುವ ಹಂತದ ಲೆಕ್ಕ ಬೇರೆ. 1993ರಲ್ಲಿ ಮಾರುಕಟ್ಟೆ ಸಂಶೋಧಕರಾದ ಅಬ್ಬಿ ಗ್ರಿಫಿನ್ ಮತ್ತು ಜಾನ್ ಹೌಸರ್ ತೋರಿಸಿದಂತೆ, ಒಂದೇ ಬಗೆಯ ಗ್ರಾಹಕರಾದರೆ 20ರಿಂದ 30 ಜನರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಿದಾಗ ಅಗತ್ಯಗಳಲ್ಲಿ ಶೇ 90ಕ್ಕೂ ಹೆಚ್ಚು ಬೆಳಕಿಗೆ ಬರುತ್ತವೆ. ನೀವು ಎಂಟು ಹತ್ತು ಮನೆಯಿಂದ ಶುರು ಮಾಡಿ. ಹೊಸ ಮನೆಯಲ್ಲಿ ಹೊಸ ಮಾತು ಬರುತ್ತಿರುವವರೆಗೂ ನಿಲ್ಲಿಸಬೇಡಿ.

ಇಬ್ಬರೂ ಒಟ್ಟಿಗೆ ಹೋಗಿ. ಒಬ್ಬ ಮಾತಾಡಲಿ, ಒಬ್ಬ ಬರೆಯಲಿ. ಬರೆಯುವವನು ಹಾಳೆಯ ಮಧ್ಯೆ ಒಂದು ಗೆರೆ ಎಳೆದು, ಎಡಕ್ಕೆ ಅವರು ಹೇಳಿದ್ದು ಮಾಡಿದ್ದು, ಬಲಕ್ಕೆ ತನಗನಿಸಿದ್ದು ಎಂದು ಬೇರೆ ಬೇರೆ ಇಡಲಿ. ಎರಡು ಬೆರೆತು ಹೋದರೆ ಹದಿನೈದು ದಿನದ ಮೇಲೆ ನಿಮ್ಮ ಊಹೆಯನ್ನೇ ಅವರ ಮಾತು ಎಂದುಕೊಳ್ಳುತ್ತೀರಿ. ಅವತ್ತಿನದನ್ನು ಅವತ್ತೇ ರಾತ್ರಿ ಕೂತು ಪೂರ್ತಿ ಬರೆದಿಡಿ.

ಹೊಳೆನರಸೀಪುರದ ಕಡೆಯಿಂದ, ಹಸು ಸಾಕಿರುವವರು

ನಮ್ಮನೇಲಿ ಮೂರು ಸೀಮೆಹಸು. ಎರಡು ಕರಾವು, ಒಂದು ಗಬ್ಬ. ಇದನ್ನ ಮಗಳ ಫೋನಿಂದ ಬರೀತಾ ಇದೀನಿ, ಅವಳು ಕಾಲೇಜಿಂದ ಬಂದಮೇಲೆ.

ಬೆದೆ ಗೊತ್ತಾಗಲ್ಲ ಅಂತ ನಿಮಗೆ ಯಾರು ಹೇಳಿದ್ರು ತಮ್ಮ? ಕೊಟ್ಟಿಗೆಗೆ ಕಾಲಿಡೋ ಮುಂಚೆನೇ ಗೊತ್ತಾಗುತ್ತೆ. ಕೂಗುತ್ತೆ, ಬೂಸಾ ಇಟ್ರೆ ಮೂಸಿ ಬಿಡುತ್ತೆ, ಹಾಲು ಕಮ್ಮಿ ಆಗುತ್ತೆ, ಬಾಲದ ಹತ್ರ ಲೋಳೆ ಅಂಟಿರುತ್ತೆ. ಮೂರರಲ್ಲಿ ಒಂದು ಮಾತ್ರ ಕೂಗಲ್ಲ, ಅದರದು ಮೂಕ ಬೆದೆ. ಅದೊಂದಕ್ಕೆ ಬೇಕಾದ್ರೆ ನಿಮ್ಮ ಪಟ್ಟಿ ಕಟ್ಟಬಹುದು.

ನನ್ನ ಕಷ್ಟ ಶುರುವಾಗೋದು ಬೆದೆ ಕಂಡಮೇಲೆ. ಬೆಳಿಗ್ಗೆ ಕಂಡ್ರೆ ಸಂಜೆಯೊಳಗೆ ಗಬ್ಬ ಕಟ್ಟಿಸೋ ಇಂಜೆಕ್ಷನ್ ಆಗಬೇಕು, ಸಂಜೆ ಕಂಡ್ರೆ ಮಾರನೇ ದಿನ ಬೆಳಿಗ್ಗೆ. ಫೋನಿರೋದು ನಮ್ಮ ಯಜಮಾನ್ರ ಹತ್ರ. ಅವರು ಏಳಕ್ಕೆಲ್ಲ ಕೆಲಸಕ್ಕೆ ಹೊರಟುಬಿಡ್ತಾರೆ. ನಿಮ್ಮ ಮೆಸೇಜು ಹೋಗೋದು ಅವರ ಜೇಬಿಗೆ, ಹಸು ನಿಂತಿರೋದು ನನ್ನ ಕಣ್ಣ ಮುಂದೆ. ಪಕ್ಕದ ಮನೆ ಹುಡುಗನ್ನ ಹಿಡಿದು ಫೋನ್ ಮಾಡಿಸಬೇಕು. ಇಂಜೆಕ್ಷನ್ ಕೊಡೋರಿಗೆ ಹತ್ತೂರು ಸುತ್ತೋದಿರುತ್ತೆ, ಬರ್ತೀನಿ ಅಂತಾರೆ, ಎಷ್ಟೊತ್ತಿಗೆ ಅಂತ ಹೇಳಕ್ಕಾಗಲ್ಲ. ನಾನು ಹೊಲಕ್ಕೂ ಹೋಗೋ ಹಾಗಿಲ್ಲ, ಮನೇಲೂ ಸುಮ್ನೆ ಕೂರೋ ಹಾಗಿಲ್ಲ. ಎಷ್ಟು ದಿನ ಆ ಕಾಯೋದರಲ್ಲೇ ಹೋಗಿದೆ.

ಇನ್ನೊಂದು ಹೇಳ್ತೀನಿ. ಇಂಜೆಕ್ಷನ್ ಆದ ದಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಲ್ಲಿ ಒಂದು ಸುತ್ತು ಹಾಕಿಡ್ತೀನಿ. 21ನೇ ದಿನದ ಹೊತ್ತಿಗೆ ತಿರುಗ ಬೆದೆಗೆ ಬರುತ್ತಾ ನೋಡಬೇಕಲ್ಲ. ಬರದಿದ್ರೆ ಗಬ್ಬ ನಿಂತಿದೆ ಅಂತ ಆಸೆ. ಆದ್ರೆ ತಿಂಗಳು ಮುಗಿದು ಹಾಳೆ ತಿರುವಿದ್ರೆ ಆ ಸುತ್ತು ಹಿಂದಿನ ಹಾಳೆಯಲ್ಲೇ ಉಳಿದುಬಿಡುತ್ತೆ. ಹೋದ ವರ್ಷ ಹಾಗೇ ಮರೆತೆ. ಗಬ್ಬ ಅಂದ್ಕೊಂಡಿದ್ದ ಹಸು ಬರಿದಾಗಿದೆ ಅಂತ ಗೊತ್ತಾಗೋ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಅವತ್ತು ಕೊಟ್ಟಿಗೇಲಿ ಕೂತು ಅತ್ತಿದೀನಿ.

ನೀವು ಮನೆಗೆ ಬರೋದಾದ್ರೆ ಬೆಳಿಗ್ಗೆ ಎಂಟರೊಳಗೆ ಬರಬೇಡಿ. ಕರೆಯೋದು, ಡೇರಿಗೆ ಹಾಲು ಹಾಕೋದು, ಸಗಣಿ ಬಾಚೋದು, ಮಕ್ಕಳ ಬುತ್ತಿ, ಎಲ್ಲ ಒಟ್ಟಿಗಿರುತ್ತೆ. ಹನ್ನೊಂದರ ಮೇಲೆ ಬನ್ನಿ. ಎಷ್ಟು ಲೀಟರ್ ಕೊಡುತ್ತೆ ಅಂತ ಮೊದಲ ದಿನವೇ ಕೇಳಬೇಡಿ. ದೃಷ್ಟಿ ಆಗುತ್ತೆ ಅಂತ ಹೊರಗಿನವರಿಗೆ ಸರಿ ಲೆಕ್ಕ ಹೇಳೋರು ಕಮ್ಮಿ. ಕೆಚ್ಚಲಿನ ಫೋಟೊ ತೆಗೀತೀನಿ ಅಂತಂತೂ ಅನ್ನಲೇಬೇಡಿ.

ಪಶುವೈದ್ಯರೊಬ್ಬರು

ಮೇಲೆ ಆ ತಾಯಿ ಬರೆದದ್ದನ್ನು ಎರಡು ಸಲ ಓದಿ. ನಾನು ಸೇರಿಸುವುದು ಸ್ವಲ್ಪವೇ. ಕೊರಳಪಟ್ಟಿಗಳು ಹೊರದೇಶಗಳಲ್ಲಿ ಬಹಳ ಕಾಲದಿಂದ ಇವೆ. ಬೆದೆಗೆ ಬಂದ ಹಸು ಹೆಚ್ಚು ಓಡಾಡುತ್ತದೆ, ಆ ಓಡಾಟವನ್ನು ಅಳೆಯುವುದೇ ಅವುಗಳ ಮುಖ್ಯ ಕೆಲಸ. ಅವನ್ನು ಮಾಡಿದ್ದು ನೂರಾರು ಹಸು ಬಿಡುಬೀಸಾಗಿ ತಿರುಗಾಡುವ ದೊಡ್ಡ ಕೊಟ್ಟಿಗೆಗಳಿಗೆ. ಅಲ್ಲಿ ಪ್ರತಿ ಹಸುವನ್ನೂ ನೋಡುತ್ತ ನಿಲ್ಲಲು ಜನ ಇಲ್ಲ. ನಮ್ಮಲ್ಲಿ ಹಸು ಮೊಳ ಉದ್ದದ ಹಗ್ಗದಲ್ಲಿ ಗೂಟಕ್ಕೆ ಕಟ್ಟಿಕೊಂಡಿರುತ್ತದೆ. ಓಡಾಟ ಎಲ್ಲಿಂದ ಬರಬೇಕು? ಕಟ್ಟಿಹಾಕಿದ ಹಸುಗಳಲ್ಲಿ ಈ ಲೆಕ್ಕ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಬೆದೆ ಇರುವುದೇ ಸುಮಾರು 12ರಿಂದ 18 ಗಂಟೆ. ಲಕ್ಷಣಗಳು ಹೆಚ್ಚಾಗಿ ಕಾಣುವುದು ರಾತ್ರಿ ಮತ್ತು ನಸುಕಿನಲ್ಲಿ. ಆದ್ದರಿಂದ ನೀವು ಒಂದು ರಾತ್ರಿಯಾದರೂ ಯಾರದಾದರೂ ಕೊಟ್ಟಿಗೆಯ ಪಕ್ಕ ಮಲಗಿ ನೋಡಿ.

ಬರೀ ಹೈನುಗಾರರ ಹತ್ತಿರ ಮಾತಾಡಿದರೆ ಸಾಲದು. ಇಂಜೆಕ್ಷನ್ ಕೊಡುವವರ ಬೈಕಿನ ಹಿಂದೆ ಒಂದು ಇಡೀ ದಿನ ಕೂತು ಸುತ್ತಿ. ಒಂದು ಊರಿನಿಂದ ಹೊರಟ ಮೇಲೆ ಅದೇ ಊರಿನಿಂದ ಇನ್ನೊಂದು ಕರೆ ಬಂದರೆ ಏನಾಗುತ್ತದೆ, ಅವರು ಯಾವುದನ್ನು ಮೊದಲು ಮಾಡುತ್ತಾರೆ, ಯಾಕೆ, ಇವೆಲ್ಲ ನಿಮ್ಮ ವಿನ್ಯಾಸಕ್ಕೆ ಬೇಕಾದ ಮಾಹಿತಿ.

ಶಿರಸಿಯಿಂದ, ಅಡಿಕೆ ಯಂತ್ರಗಳ ಕೆಲಸ ಮಾಡುವವರು

ನನ್ನದು ದುಡ್ಡು ಕಳೆದುಕೊಂಡು ಕಲಿತ ಪಾಠ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ನಿಮಗೆ ಉಪಯೋಗವಾಗಬಹುದು.

ಹಸಿ ಅಡಿಕೆ ಸುಲಿಯುವ ಯಂತ್ರ ಮಾಡಬೇಕೆಂದು ಹೊರಟಾಗ ನಾನೂ ನಿಮ್ಮ ಹಾಗೆಯೇ ಜನರ ಹತ್ತಿರ ಹೋಗಿದ್ದೆ. ಎರಡು ತಿಂಗಳು ಊರೂರು ತಿರುಗಿ, ತೋಟದ ಯಜಮಾನರ ಜಗಲಿಯಲ್ಲಿ ಕೂತು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಎಲ್ಲರದೂ ಒಂದೇ ಮಾತು: ಸುಲಿಯುವ ಆಳು ಸಿಗುವುದಿಲ್ಲ, ಯಂತ್ರ ಜೋರಾಗಿ ಓಡಬೇಕು. ಕೆಂಪಡಿಕೆ ಮಾಡುವವರಿಗೆ ಕೊಯ್ದ ಕಾಯಿಯನ್ನು ಬೇಗ ಸುಲಿದು ಬೇಯಿಸಬೇಕಾದ ಅವಸರ ಇರುತ್ತದಲ್ಲ. ಸರಿ, ಜೋರಾಗಿ ಓಡುವ ಯಂತ್ರ ಮಾಡಿದೆ.

ಮೊದಲ ಸುಗ್ಗಿಯಲ್ಲಿ ಒಂದು ಮನೆಯಲ್ಲಿಟ್ಟೆ. ರಾತ್ರಿ ಊಟ ಮುಗಿಸಿ ಎಂಟು ಹೆಂಗಸರು ಬಂದರು. ಯಂತ್ರ ದೊಡ್ಡ ಕಾಯಿಗಳನ್ನು ಚೆನ್ನಾಗಿ ಸುಲಿಯಿತು. ಸಣ್ಣವು ಸಿಪ್ಪೆ ಸಮೇತ ಹೊರಗೆ ಬಿದ್ದವು, ಕೆಲವು ಚೂರಾದವು. ಉಳಿದ ಸಣ್ಣ ಕಾಯಿಗಳ ರಾಶಿ ಆ ಹೆಂಗಸರ ಮೆಟ್ಟುಗತ್ತಿಯ ಮುಂದೆ ಬಂತು. ಅವರಿಗೆ ಕೂಲಿ ತೂಕದ ಮೇಲೆ. ಸಣ್ಣ ಕಾಯಿ ಸುಲಿಯಲು ದೊಡ್ಡದಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯುತ್ತದೆ, ತೂಕ ಮಾತ್ರ ಬರುವುದಿಲ್ಲ. ನಾನು ಮಾಡಿದ ಯಂತ್ರ ಅವರ ದುಡಿಮೆಯ ಒಳ್ಳೆಯ ಪಾಲನ್ನೆಲ್ಲ ತಿಂದು ಕೆಟ್ಟದ್ದನ್ನು ಅವರ ಮಡಿಲಿಗೆ ಹಾಕಿತ್ತು. ಮೂರನೇ ದಿನ ಇಬ್ಬರೇ ಬಂದರು. ಯಜಮಾನರು ಯಂತ್ರವನ್ನು ಕೊಟ್ಟಿಗೆಯ ಮೂಲೆಗೆ ಸರಿಸಿದರು.

ಮರುವರ್ಷ ನಾನು ಯಂತ್ರ ಒಯ್ಯಲಿಲ್ಲ. ಒಂದು ಮೆಟ್ಟುಗತ್ತಿ ಇಸಿದುಕೊಂಡು 11 ರಾತ್ರಿ ಅವರ ಸಾಲಿನಲ್ಲೇ ಕೂತು ಸುಲಿದೆ. ಎರಡು ರಾತ್ರಿ ಯಾರೂ ನನ್ನ ಹತ್ತಿರ ಸರಿಯಾಗಿ ಮಾತೇ ಆಡಲಿಲ್ಲ. ಮೂರನೆಯ ರಾತ್ರಿ ಬೆರಳಿಗೆ ಕತ್ತಿ ತಾಗಿತು. ಒಬ್ಬ ಅಮ್ಮ ತಮ್ಮ ಸೆರಗಿನ ಅಂಚು ಹರಿದು ಕಟ್ಟಿದರು. ಅಲ್ಲಿಂದ ಮಾತು ಶುರುವಾಯಿತು.

ಜಗಲಿಯಲ್ಲಿ ಯಾರೂ ಹೇಳದ ಎಷ್ಟೋ ಸಂಗತಿಗಳು ಆ ಸಾಲಿನಲ್ಲಿ ಕಂಡವು. ಎಲ್ಲರ ಕೈಯೂ ಮಾತಾಡುತ್ತ ಮಾತಾಡುತ್ತಲೇ ಸಣ್ಣ ಕಾಯಿಗಳನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಕೊನೆಗೆ ಆ ಸಣ್ಣ ರಾಶಿಯನ್ನು ಯಾರು ತೆಗೆದುಕೊಳ್ಳಬೇಕು ಎಂಬುದರ ಬಗ್ಗೆ ಅವರೊಳಗೇ ಒಂದು ಸರದಿ ಇತ್ತು. ಅವರಿಗೆ ಬೇಡವಾದ ಕೆಲಸ ಯಾವುದು ಎಂದು ಅಲ್ಲಿ ಗೊತ್ತಾಯಿತು. ಯಂತ್ರದ ಮುಂದೆ ಒಂದು ಜರಡಿ ಕೂರಿಸಿ, ಸಣ್ಣ ಕಾಯಿಗೆ ತಕ್ಕಂತೆ ಒಳಗಿನ ಸಂದನ್ನು ಕಿರಿದು ಮಾಡಿ, ಸಣ್ಣದನ್ನು ಮಾತ್ರ ಸುಲಿಯುವ ಯಂತ್ರ ಮಾಡಿದೆ. ಮೊದಲಿನದಕ್ಕಿಂತ ಚಿಕ್ಕದು, ನಿಧಾನ. ಹೆಂಗಸರೇ ಯಜಮಾನರಿಗೆ ಹೇಳಿ ಅದನ್ನು ಇಟ್ಟುಕೊಳ್ಳುವಂತೆ ಮಾಡಿದರು.

ಇನ್ನೊಂದು ಸಣ್ಣ ವಿಷಯ. ಅಡಿಕೆಯ ಚೊಗರು ಕೈಗೆ ಅಂಟಿ ಕಪ್ಪಾಗಿರುತ್ತದೆ. ಆ ಕೈಯಲ್ಲಿ ನನ್ನ ಮೊದಲ ಯಂತ್ರದ ಪುಟ್ಟ ಸ್ವಿಚ್ಚು ಒಂದೇ ವಾರದಲ್ಲಿ ಅಂಟಿಕೊಂಡು ಕೂತಿತ್ತು. ಈಗ ಮೊಣಕೈಯಿಂದ ಒತ್ತುವ ದಪ್ಪ ಗುಂಡಿ ಇಟ್ಟಿದ್ದೇನೆ. ನಿಮ್ಮ ಪಟ್ಟಿಯನ್ನು ಬಿಚ್ಚಿ ಕಟ್ಟುವ ಕೈಗೆ ಸಗಣಿ, ಗಂಜಲ, ಹಿಂಡಿಯ ನೀರು ಏನೇನು ಅಂಟಿರುತ್ತದೆ ನೋಡಿದ್ದೀರಾ ಮಾರಾಯ್ರೆ?

ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವರು

ನೀವು ಊರಿಗೆ ಬಂದರೆ ಮೊದಲು ಬರುವುದು ನಮ್ಮಂಥವರ ಹತ್ತಿರ. ಒಳ್ಳೆಯ ಮನಸ್ಸಿನಿಂದಲೇ ನಾವು ನಿಮ್ಮನ್ನು ಊರಿನ ಒಳ್ಳೆಯ ಹೈನುಗಾರರ ಮನೆಗೆ ಕರೆದೊಯ್ಯುತ್ತೇವೆ. ಅವರದು ಸಿಮೆಂಟ್ ನೆಲದ ಕೊಟ್ಟಿಗೆ, ಹಾಲು ಕರೆಯುವ ಮೆಷಿನ್ನು, ಎಂಟು ಹತ್ತು ಎಚ್‌ಎಫ್ ಸೀಮೆಹಸು. ಆ ಮನೆ ನೋಡಿ, ಕಾಫಿ ಕುಡಿದು ಬನ್ನಿ. ಆಮೇಲೆ ಇನ್ನೂ ಎರಡು ಮನೆ ನೀವೇ ಕೇಳಿ ಹೋಗಿ: ಒಂದೇ ಹಸು ಇರುವ ಮನೆ, ಹೋದ ವರ್ಷ ಹಸು ಮಾರಿಬಿಟ್ಟ ಮನೆ. ಮಾರಿದವರ ಹತ್ತಿರ ಸಿಗುವ ಮಾತು ಬೇರೆಲ್ಲೂ ಸಿಗುವುದಿಲ್ಲ. ಅವರಿಗೆ ಯಾರನ್ನೂ ಮೆಚ್ಚಿಸಬೇಕಾಗಿಲ್ಲ.

ಕೈಯಲ್ಲಿ ಫೈಲು, ಕೊರಳಲ್ಲಿ ಐಡಿ ಕಾರ್ಡು ಬೇಡ. ಅದು ಕಂಡರೆ "ಸಬ್ಸಿಡಿ ಎಷ್ಟು" ಎಂಬ ಪ್ರಶ್ನೆ ಬರುತ್ತದೆ. ಸಬ್ಸಿಡಿಯ ಯಾದಿಯಲ್ಲಿ ಹೆಸರು ಸೇರಲಿ ಎಂದು ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತಾರೆ. ನಾವು ಓದು ಮುಗಿಸಿದ ಹುಡುಗರು, ಕಲಿಯಲು ಬಂದಿದ್ದೇವೆ, ಕೊಡಲು ನಮ್ಮ ಹತ್ತಿರ ಏನೂ ಇಲ್ಲ ಎಂದು ಮೊದಲೇ ಹೇಳಿಬಿಡಿ. ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ಸಾಲಿನಲ್ಲಿ ಪ್ರಶ್ನೆ ಕೇಳಬೇಡಿ. ಒಬ್ಬರು ಏನು ಹೇಳುತ್ತಾರೋ ಹಿಂದಿನವರೆಲ್ಲ ಅದನ್ನೇ ಹೇಳುತ್ತಾರೆ. ಅಲ್ಲಿ ಸುಮ್ಮನೆ ನಿಂತು ನೋಡಿ. ಯಾರು ಬರುತ್ತಾರೆ, ಹಾಲಿನ ಫ್ಯಾಟ್ ಕಮ್ಮಿ ಬಂದರೆ ಏನನ್ನುತ್ತಾರೆ, ಕೈಗೆ ಬಂದ ಹಾಲಿನ ಲೆಕ್ಕದ ಚೀಟಿಯನ್ನು ಎಲ್ಲಿಡುತ್ತಾರೆ, ಅಷ್ಟು ಸಾಕು.

ದುಡ್ಡಿನ ಮಾತು. ನೀವು 500 ರೂಪಾಯಿಯನ್ನು ಒಂದೇ ಸಲ ಕೈಯಿಂದ ಕೇಳಿದಿರಿ. ಪಶು ಆಹಾರದ ಮೂಟೆಯನ್ನು ಜನ ಸಂಘದಿಂದ ಒಯ್ಯುತ್ತಾರೆ, ಬಟವಾಡೆಯ ದಿನ ಹಾಲಿನ ದುಡ್ಡಿನಲ್ಲಿ ಮುರಿದುಕೊಳ್ಳುತ್ತೇವೆ. ಅದು ಅವರಿಗೆ ಭಾರ ಅನಿಸುವುದಿಲ್ಲ. ಸೆಲ್ಕೊ ಎಂಬ ಸೋಲಾರ್ ಕಂಪನಿ ಕಟ್ಟಿದ ಹರೀಶ್ ಹಂದೆ ಇದನ್ನೇ ಹೇಳುತ್ತಿರುತ್ತಾರೆ: ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಕಷ್ಟವಲ್ಲ. ನಿಮಗೆ ಇಲ್ಲ ಅಂದವರು ಪಟ್ಟಿಯನ್ನು ಬೇಡ ಅಂದರೋ, ಕೊಡುವ ಬಗೆಯನ್ನು ಬೇಡ ಅಂದರೋ, ಅದನ್ನೂ ತಿಳಿದುಕೊಳ್ಳಿ.

ಮೈಸೂರಿನಿಂದ, ಕೃತಕ ಕಾಲು ಜೋಡಿಸುವ ಕೆಲಸದವರು

ಅಟ್ಟದ ಮೇಲೆ ನೋಡಿ. ನಮ್ಮ ವೃತ್ತಿಯಲ್ಲಿ ದೊಡ್ಡ ಪಾಠ ಅಲ್ಲಿಂದಲೇ ಬಂತು. ಹೊರದೇಶದ ಮಾದರಿಯ ಕೃತಕ ಪಾದ ಹಾಕಿಸಿಕೊಂಡ ಎಷ್ಟೋ ಜನ ಅದನ್ನು ತೆಗೆದಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಆ ಪಾದಕ್ಕೆ ಬೂಟು ಬೇಕು, ಅದನ್ನು ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂರುವ ಹಾಗಿಲ್ಲ, ಚಕ್ಕಳಮಕ್ಕಳ ಹಾಕುವ ಹಾಗಿಲ್ಲ, ಕೆಸರು ಗದ್ದೆಗೆ ಇಳಿಯುವ ಹಾಗಿಲ್ಲ. ಜೈಪುರದಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಡಾಕ್ಟರ್ ಪಿ. ಕೆ. ಸೇಠಿ ಇದನ್ನು ಗಮನಿಸಿ, ಬರಿಗಾಲಲ್ಲೇ ನಡೆಯಬಹುದಾದ, ಬಗ್ಗಿ ಕೂರಬಹುದಾದ ರಬ್ಬರಿನ ಪಾದ ಮಾಡಿದರು. 1960ರ ದಶಕದ ಕೊನೆಯಲ್ಲಿ ಹುಟ್ಟಿದ ಆ ಜೈಪುರ ಕಾಲನ್ನು ನಾವು ಇವತ್ತಿಗೂ ಜೋಡಿಸುತ್ತಿದ್ದೇವೆ. ಹಾಗಾಗಿ ನೀವು ಹೋದ ಮನೆಯಲ್ಲಿ ಹಸುವಿಗೆಂದು ತಂದು ಬಳಸದೆ ಬಿಟ್ಟ ಸಾಮಾನು ಏನೇನಿದೆ ಎಂದು ಕೇಳಿ. ಯಾಕೆ ಬಿಟ್ಟಿರಿ ಎಂದು ತಪ್ಪು ಹುಡುಕುವ ಧ್ವನಿಯಲ್ಲಿ ಕೇಳಬೇಡಿ. ಕೊನೆಯ ಸಲ ಬಳಸಿದ ದಿನ ಏನಾಯಿತು ಎಂದು ಕೇಳಿ.

ಬೆಂಗಳೂರಿನಿಂದ ಇನ್ನೊಬ್ಬರು, ಸಾಫ್ಟ್‌ವೇರ್

ಇಷ್ಟೆಲ್ಲ ಸುತ್ತಾಡುವಷ್ಟರಲ್ಲಿ ಇನ್ಯಾರೋ ಮಾಡಿ ಮಾರುಕಟ್ಟೆಗೆ ಬಿಟ್ಟಿರುತ್ತಾರೆ. ಹತ್ತು ಪಟ್ಟಿ ಮಾಡಿ, ಹತ್ತು ಮನೆಗೆ ಪುಕ್ಕಟೆ ಕೊಟ್ಟು ನೋಡಿ. ಏನು ಸರಿ ಇಲ್ಲ ಎಂದು ಅವರೇ ಹೇಳುತ್ತಾರೆ.

ಧಾರವಾಡದ ಕಡೆಯಿಂದ, ಒಕ್ಕಲುತನದ ಸಾಮಾನು ಮಾಡುವವರು

ಮ್ಯಾಲಿನವರು ಹೇಳಿದ್ದರಾಗ ಅರ್ಧ ಖರೆ ಅದ, ಅರ್ಧ ಇಲ್ಲ. ಮಾಡಿ ಕೊಡೋದು ಛಲೋನ. ಆದ್ರ ಪುಕ್ಕಟೆ ಕೊಟ್ಟದ್ದಕ್ಕ ಯಾರೂ ಹೆಸರು ಇಡೂದಿಲ್ರಿ. ನಾನು ಹಳೇ ಸೈಕಲ್ ಗಾಲಿಯಿಂದ ಕಳೆ ತೆಗೆಯೋ ಒಂದು ಎಡೆಕುಂಟೆ ಮಾಡಿ ಒಬ್ಬರ ಹೊಲದಾಗ ಕೊಟ್ಟು ಬಂದಿದ್ದೆ. ವಾರ ಬಿಟ್ಟು ಹೋಗಿ ಕೇಳಿದ್ರ "ಭಾಳ ಛಲೋ ಅದ" ಅಂದ್ರು. ಅಷ್ಟ ಕೇಳಿ ತಿರುಗಿ ಬಂದಿದ್ರ ನನಗ ಏನೂ ತಿಳೀತಿರಲಿಲ್ಲ. ಕುಂಟೆ ಎಲ್ಲೈತಿ ಅಂತ ಹೊಲಕ್ಕ ಹೋಗಿ ನೋಡಿದೆ. ಹಿಡಿಕಿಗೆ ಹಳೇ ಸೀರಿ ಸುತ್ತಿದ್ರು, ಮುಂದಿನ ಗಾಲಿಗೆ ಒಂದು ಹಗ್ಗ ಕಟ್ಟಿದ್ರು. ಹಿಂದ ಅತ್ತಿ ದೂಕ್ತಿದ್ರಂತ, ಮುಂದ ಸೊಸಿ ಎಳೀತಿದ್ಲಂತ. ಎರೀಭೂಮಿ, ಹಸಿ ಇದ್ದಾಗ ಒಬ್ಬರ ಕೈಲೆ ಹೋಗೂದಿಲ್ಲ. ಈಗ ನಾನು ಮಾಡೋ ಕುಂಟಿಗೆ ಮುಂದ ಒಂದು ಕೊಂಡಿ ಇಡ್ತೀನಿ. ಜನ ತಾವ ಕಟ್ಟಿಕೊಂಡ ಹಗ್ಗ, ಸುತ್ತಿಕೊಂಡ ಅರಿವಿ ನೋಡ್ರಿ ತಮ್ಮಾ. ಬಾಯಿಲೆ ಹೇಳದ ಮಾತು ಅಲ್ಲಿರ್ತದ.

ಮೊದಲು ಉತ್ತರಿಸಿದವರು ಮತ್ತೆ

ಧಾರವಾಡದ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಾಡಿ ನೋಡುವುದಕ್ಕೆ ಬೋರ್ಡೇ ಬೇಕಾಗಿಲ್ಲ. ಹೊಳೆನರಸೀಪುರದ ಅಕ್ಕ ಹೇಳಿದ ಆ ಕ್ಯಾಲೆಂಡರಿನ ಕಷ್ಟ ಬೇರೆ ಮನೆಗಳಲ್ಲೂ ಇದೆಯಾ ನೋಡಿ. ಇದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಇಂಜೆಕ್ಷನ್ ತಾರೀಕು ಬರೆದುಕೊಂಡು, 18ನೇ ದಿನದಿಂದ ನೀವೇ ನೆನಪಿಸಿ. ಸಾಧನ ಮಾಡಬೇಕಾದ ಕೆಲಸವನ್ನು ಒಂದು ತಿಂಗಳು ನೀವು ಕೈಯಾರೆ ಮಾಡಿ. ನಿಮ್ಮ ನೆನಪೋಲೆ ಅವರಿಗೆ ಉಪಯೋಗಕ್ಕೆ ಬಂತಾ, ಯಾರ ಕೈಗೆ ತಲುಪಬೇಕಿತ್ತು, ಯಾವ ಹೊತ್ತಿಗೆ, ಎಲ್ಲ ತಿಳಿಯುತ್ತದೆ. ಖರ್ಚು ಒಂದು ನೋಟ್‌ಬುಕ್ಕು.

ಕೇಳಿದವರು, ಒಂದೂವರೆ ತಿಂಗಳ ಮೇಲೆ

ಎಲ್ಲರಿಗೂ ನಮಸ್ಕಾರ. ತಡವಾಗಿದ್ದಕ್ಕೆ ಕ್ಷಮಿಸಿ. ಇಲ್ಲಿ ಬಂದ ಮಾತುಗಳನ್ನು ಅಚ್ಚು ಹಾಕಿಸಿ ಬ್ಯಾಗಿನಲ್ಲಿಟ್ಟುಕೊಂಡೇ ಸುತ್ತಿದೆವು. ಇದುವರೆಗೆ 14 ಮನೆ ಆಗಿದೆ. ಅದರಲ್ಲಿ ಮೂರು ಹಸು ಮಾರಿದವರ ಮನೆ. ಇಂಜೆಕ್ಷನ್ ಕೊಡುವವರೊಬ್ಬರ ಬೈಕಿನಲ್ಲಿ ಎರಡು ದಿನ ಹೋದೆ.

14ರಲ್ಲಿ 11 ಮನೆಯಲ್ಲಿ ಬೆದೆಯನ್ನು ಮೊದಲು ಕಂಡವರು ಹೆಂಗಸರು. ಅವರಲ್ಲಿ ಸ್ವಂತ ಫೋನು ಇದ್ದವರು ನಾಲ್ವರು. ಫಾರಂ ತುಂಬಿದ 40 ಜನರಲ್ಲಿ ಹೆಂಗಸರು ಎಷ್ಟು ಎಂದು ತಿರುಗಿ ನೋಡಿದೆವು. ಮೂರು ಹೆಸರು ಸಿಕ್ಕವು. ನಾವು ಕೇಳಿದ್ದೇ ಹಸುವಿನ ಹತ್ತಿರ ಇರದವರನ್ನು.

ಅಕ್ಕ, ನೀವು ಹೇಳಿದ ಹಾಗೆ ಹನ್ನೊಂದರ ಮೇಲೇ ಹೋದೆವು. ಕ್ಯಾಲೆಂಡರಿನ ಸುತ್ತು ಆರು ಮನೆಯಲ್ಲಿ ಕಂಡಿತು. ಒಂದು ಮನೆಯಲ್ಲಿ ಅಜ್ಜಿ ಕೊಟ್ಟಿಗೆಯ ಗೋಡೆಗೆ ಇದ್ದಿಲಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಾರೆ. ಮೂರು ಏಳು, ಅಂದರೆ 21 ಗೆರೆ ಆದರೆ ಆ ದಿನ ಹಸುವಿನ ಹಿಂದೆಯೇ ಇರುತ್ತಾರೆ. ಅವರ ಮನೆಯಲ್ಲಿ ಬೆದೆ ತಪ್ಪಿದ್ದು ಅವರು ಮಗಳ ಮನೆಗೆ ಹೋಗಿದ್ದಾಗ ಮಾತ್ರವಂತೆ. ಹಸು ಮಾರಿದ ಮೂರು ಮನೆಯವರೂ ಬೆದೆಯ ಮಾತೇ ಎತ್ತಲಿಲ್ಲ. ಗಬ್ಬ ನಿಲ್ಲುವುದಿಲ್ಲ, ಎಷ್ಟು ಸಲ ಇಂಜೆಕ್ಷನ್ ಕೊಡಿಸುವುದು ಎಂದರು ಇಬ್ಬರು. ಮೇವು ತರುವವರಿಲ್ಲ ಎಂದರು ಇನ್ನೊಬ್ಬರು. ಆ ಮೂರನೆಯ ಮನೆಯ ಕಷ್ಟಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. ಆದರೆ ಅದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ.

ಪಟ್ಟಿಯ ಕೆಲಸ ಸದ್ಯಕ್ಕೆ ನಿಲ್ಲಿಸಿದ್ದೇವೆ. ಗೆಳೆಯನಿಗೆ ತುಂಬಾ ಬೇಜಾರಾಯಿತು, ಎರಡು ದಿನ ಮಾತಾಡಲಿಲ್ಲ. ನೋಟ್‌ಬುಕ್ಕಿನಲ್ಲಿ ತಾರೀಕು ಬರೆದು ನೆನಪಿಸುವುದನ್ನು ಐದು ಮನೆಗೆ ಶುರು ಮಾಡಿದೆವು. ಮೊದಲ ವಾರವೇ ಸಿಕ್ಕಿಬಿದ್ದೆವು: ಫೋನ್ ಮಾಡಿದರೆ ಎತ್ತುವುದು ಯಜಮಾನರು, ಅವರಿಗೆ ಸಂಜೆವರೆಗೆ ಮನೆಯಲ್ಲಿ ಹೇಳಲು ನೆನಪಿರುವುದಿಲ್ಲ. ಆಮೇಲೆ ಕಾರ್ಯದರ್ಶಿ ಸರ್ ಬರೆದದ್ದು ನೆನಪಾಯಿತು, ಚೀಟಿಯನ್ನು ಎಲ್ಲಿಡುತ್ತಾರೆ ನೋಡಿ ಎಂದು. ಡೇರಿಯ ಮುಂದೆ ನಾಲ್ಕು ದಿನ ನಿಂತು ನೋಡಿದೆವು. ಐದು ಮನೆಯಲ್ಲಿ ನಾಲ್ಕರಿಂದ ಹಾಲು ತರುವವರು ಹೆಂಗಸರೇ. ಚೀಟಿ ಅವರ ಕೈಗೇ ಬರುತ್ತದೆ, ದಿನಕ್ಕೆ ಎರಡು ಸಲ. ಫ್ಯಾಟ್ ನೋಡದೆ ಮಡಚುವವರು ಯಾರೂ ಇಲ್ಲ. ಓದಲು ಬಾರದವರು ಅಲ್ಲೇ ಪಕ್ಕದವರ ಕೈಲಿ ಓದಿಸುತ್ತಾರೆ.

ನಮ್ಮೂರಿನ ಸಂಘದವರ ಹತ್ತಿರ ಕೇಳಿಕೊಂಡೆವು, ಒಪ್ಪಿದರು. ಈಗ 18ನೇ ದಿನದಿಂದ ಆ ಮನೆಯವರ ಚೀಟಿಯ ಹಿಂದೆ ಕೆಂಪು ಪೆನ್ನಿನಲ್ಲಿ ಹಸುವಿನ ಹೆಸರು ಬರೆದು ಒಂದು ಸುತ್ತು ಹಾಕಿ ಕೊಡುತ್ತಿದ್ದೇವೆ. ಸುತ್ತು ಅವರದೇ ಗುರುತು, ಬಿಡಿಸಿ ಹೇಳಬೇಕಾಗಲಿಲ್ಲ. ಇಂಜೆಕ್ಷನ್ ಕೊಡುವವರು ಯಾವ ಹೊತ್ತಿಗೆ ಬರುತ್ತಾರೆ ಎಂಬ ಕಷ್ಟ ಹಾಗೇ ಇದೆ, ಅದಕ್ಕೆ ಇನ್ನೂ ದಾರಿ ಕಂಡಿಲ್ಲ. ಅವರು ಬೆಳಿಗ್ಗೆ ಹೊರಡುವ ಮೊದಲು ಯಾವ ಊರಿನಲ್ಲಿ ಎಷ್ಟು ಹಸು ಎಂದು ತಿಳಿದರೆ ಸುತ್ತುವ ದಾರಿ ಬದಲಿಸಿಕೊಳ್ಳಬಹುದು ಎನ್ನುತ್ತಾರೆ. ಡಾಕ್ಟರ್ ಸರ್, ನಿಮ್ಮ ಕಡೆ ಇದನ್ನು ಯಾರಾದರೂ ಮಾಡಿ ನೋಡಿದ್ದಾರೆಯೇ, ತಿಳಿಸಿ. ನಾಳೆ ಬೆಳಿಗ್ಗೆ ಎರಡು ಮನೆಯ ಚೀಟಿಗೆ ಸುತ್ತು ಹಾಕುವುದಿದೆ, ಆರಕ್ಕೆಲ್ಲ ಡೇರಿಯ ಹತ್ತಿರ ಇರಬೇಕು.